ಹಳೇ ರೇಸ್ ಕಾರು, ಹೊಸ ವರ್ಗ: ದುರ್ಗದ ಶೆಡ್ಡಿನಿಂದ ಹಿರಿಯೂರಿನ ಅಂಗಳಕ್ಕೆ

ಚಿತ್ರದುರ್ಗ ಊರು ಮುಗಿದು ಹೊಳಲ್ಕೆರೆ ರಸ್ತೆ ಶುರುವಾಗುವಲ್ಲಿ ಲಾರಿಗಳದೇ ಕಾರುಬಾರು. ಬೆಂಗಳೂರು–ಪುಣೆ ಹೆದ್ದಾರಿಯೂ ಸೊಲ್ಲಾಪುರ–ಮಂಗಳೂರು ಹೆದ್ದಾರಿಯೂ ಕೂಡುವ ಊರು ಇದು. ಹಗಲು ರಾತ್ರಿ ಗಾಡಿ ಹರಿಯುವ ಕಡೆ ಗಾಡಿ ರಿಪೇರಿಯೂ ಬೆಳೆಯಲೇಬೇಕು. ಟಿಂಕರಿಂಗ್ ಅಂಗಡಿ, ಕಮಾನ್ ಪಟ್ಟಾ ಕೆಲಸದವರು, ರೇಡಿಯೇಟರ್ ಬೆಸುಗೆಯವರು, ಟೈರ್ ರೀಸೋಲ್, ಆಟೊ ಎಲೆಕ್ಟ್ರಿಷಿಯನ್ನರು ಸಾಲಾಗಿ ಕೂತಿದ್ದಾರೆ. ಗಣಿ ಜೋರಾಗಿದ್ದ ಕಾಲದಲ್ಲಿ ಇವರಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿದಾಗ ಟಿಪ್ಪರುಗಳು ಸಾಲುಗಟ್ಟಿ ನಿಂತವು. ಆಗ ಎಷ್ಟೋ ಗಾಡಿಗಳು ಬಾಡಿ ಬದಲಿಸಿಕೊಂಡು ಬೇರೆ ಬಾಡಿಗೆಗೆ ಹೊರಟವು. ಒಂದು ಕೆಲಸಕ್ಕೆ ಹುಟ್ಟಿದ ಗಾಡಿಯನ್ನು ಇನ್ನೊಂದು ಕೆಲಸಕ್ಕೆ ಒಗ್ಗಿಸುವುದು ಈ ರಸ್ತೆಯವರಿಗೆ ಹೊಸದಲ್ಲ.

ಇಲ್ಲಿನ ಒಂದು ಶೆಡ್ಡಿನಲ್ಲಿ, ಎರಡು ಹತ್ತು ಗಾಲಿ ಲಾರಿಗಳ ನಡುವೆ, ಮೊಣಕಾಲೆತ್ತರದ ಕಾರೊಂದು ನಿಂತಿದೆ. ಬಾಡಿ ಇಲ್ಲ, ಬರೀ ಉಕ್ಕಿನ ಪೈಪಿನ ಪಂಜರ. ಚಾಲಕನ ತಲೆಯ ಹಿಂದೆ ಕಮಾನಿನಂತೆ ಬಾಗಿದ ದಪ್ಪ ಪೈಪು, ಸ್ಟೀರಿಂಗ್ ಎದುರಿಗೆ ಇನ್ನೊಂದು ಸಣ್ಣ ಕಮಾನು, ನಾಲ್ಕು ಮೂಲೆಗೆ ಹತ್ತಿಂಚಿನ ಗಾಲಿ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರ ಹುಡುಗರು ಕೆಲವು ವರ್ಷದ ಹಿಂದೆ ಕಟ್ಟಿ, ಓಡಿಸಿ, ಮೂಲೆಗಿಟ್ಟ ಫಾರ್ಮುಲಾ ಕಾರು ಇದು. ಶೆಡ್ಡಿನ ಯಜಮಾನರ ಮಗ ಅದೇ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದಾನೆ. ಅವರ ತಂಡ ಪೆಟ್ರೋಲ್ ವರ್ಗ ಬಿಟ್ಟು ವಿದ್ಯುತ್ ವರ್ಗಕ್ಕೆ ಹೋಗಬೇಕೆಂದಿದೆ. ಹೊಸ ಕಾರು ಕಟ್ಟುವ ಮುಂಚೆ ಹಳೆಯದರ ಮೇಲೆ ಕೈ ಪಳಗಲಿ ಎಂದು ಇದನ್ನು ಟಾಟಾ ಏಸ್ ಮೇಲೆ ಹೇರಿಕೊಂಡು ಊರಿಗೆ ತಂದ. ಅಪ್ಪ ಬೇಡವೆನ್ನಲಿಲ್ಲ. ಶೆಡ್ಡಿನ ಒಂದು ಅಂಕಣ ಖಾಲಿ ಮಾಡಿಕೊಟ್ಟರು.

ಫಾರ್ಮುಲಾ ಎಂದಾಕ್ಷಣ ಟಿವಿಯ ಫಾರ್ಮುಲಾ ಒನ್ ನೆನಪಾಗುತ್ತದೆ. ವಿದ್ಯಾರ್ಥಿಗಳ ಫಾರ್ಮುಲಾ ಬೇರೆ. 1981ರಲ್ಲಿ ಅಮೆರಿಕದಲ್ಲಿ ಶುರುವಾದ ಸ್ಪರ್ಧೆ ಅದು. 1998ರಲ್ಲಿ ಇಂಗ್ಲೆಂಡಿಗೆ, 2006ರಲ್ಲಿ ಜರ್ಮನಿಗೆ ಬಂತು. 2010ರಿಂದ ಜರ್ಮನಿಯಲ್ಲಿ ವಿದ್ಯುತ್ ಕಾರುಗಳಿಗೆ ಪ್ರತ್ಯೇಕ ವರ್ಗವೇ ಇದೆ. ಕಾರು ಕಟ್ಟುವವರೂ ಓಡಿಸುವವರೂ ವಿದ್ಯಾರ್ಥಿಗಳೇ ಆಗಿರಬೇಕು. ಒಟ್ಟು 1000 ಅಂಕ. ಅದರಲ್ಲಿ ವಿನ್ಯಾಸ, ಖರ್ಚಿನ ಲೆಕ್ಕ, ವ್ಯಾಪಾರದ ಯೋಜನೆಗೂ ಪಾಲುಂಟು. 75 ಮೀಟರ್ ನೇರ ಓಟ, ಎಂಟರ ಆಕಾರದ ಸುತ್ತು, ಕೊನೆಗೆ ಸುಮಾರು 22 ಕಿ.ಮೀ. ತಾಳಿಕೆಯ ಓಟ. ಕರ್ನಾಟಕಕ್ಕೆ ಇದರಲ್ಲಿ ಒಳ್ಳೆಯ ಹೆಸರಿದೆ. ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಲ್ಲೇ ಹುಟ್ಟಿತು. ಪೆಟ್ರೋಲಿನಿಂದ ಹೈಬ್ರಿಡ್, ವಿದ್ಯುತ್ ಕಾರುಗಳವರೆಗೂ ಬಂತು. ಮಣಿಪಾಲದ ಫಾರ್ಮುಲಾ ಮಣಿಪಾಲ್ ತಂಡವೂ ಪೆಟ್ರೋಲ್ ಕಾರುಗಳಿಂದ ಶುರುಮಾಡಿ ವಿದ್ಯುತ್ತಿಗೆ ತಿರುಗಿದೆ. ದುರ್ಗದ ಈ ಹುಡುಗ ಹಿಡಿದಿರುವುದು ಅವರು ತುಳಿದ ಹಾದಿಯನ್ನೇ.

ಭಾರತದಲ್ಲಿ ಈ ಬಗೆಯ ವಿದ್ಯಾರ್ಥಿ ಸ್ಪರ್ಧೆಯಾದ ಫಾರ್ಮುಲಾ ಭಾರತ್ ಈಗ ನಡೆಯುವುದು ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯದ ಕರಿ ಮೋಟರ್ ಸ್ಪೀಡ್‌ವೇಯಲ್ಲಿ. ಎಸ್. ಕರಿವರ್ಧನ್ ಅವರ ಹೆಸರು ಹೊತ್ತ ಟ್ರ್ಯಾಕು ಅದು. 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಇಂಜಿನ್ನನ್ನು ಒಂಟಿ ಸೀಟಿನ ಪಂಜರಕ್ಕೆ ಕೂರಿಸಿ ಫಾರ್ಮುಲಾ ಮಾರುತಿ ಕಟ್ಟಿದವರು ಅವರು. ಅಲ್ಲಿಯವರೆಗೆ ಚೆನ್ನೈ ಹತ್ತಿರದ ಶೋಲಾವರಂನ ಹಳೇ ವಿಮಾನ ಓಡುದಾರಿಯಲ್ಲಿ ಓಡುತ್ತಿದ್ದುದು ವಿದೇಶದಿಂದ ತಂದ ಕಾರುಗಳು, ಇಲ್ಲವೇ ಕೈಯಾರೆ ಮಾರ್ಪಡಿಸಿದ ಗಾಡಿಗಳು. ನಮ್ಮ ವಿಜಯ್ ಮಲ್ಯ ಕೂಡ ಫಾರ್ಮುಲಾ ಒನ್‌ಗೆಂದು ಕಟ್ಟಿದ ಎನ್‌ಸೈನ್ ಕಾರನ್ನು ಅಲ್ಲಿ ಓಡಿಸಿದ್ದರು. ಮನೆ ಮನೆಯ ಇಂಜಿನ್ನನ್ನೇ ರೇಸಿಗೆ ಇಳಿಸಿ, ಸಾಮಾನ್ಯ ಮನೆಯ ಹುಡುಗರಿಗೂ ರೇಸನ್ನು ಕೈಗೆಟುಕಿಸಿದ್ದು ಕರಿವರ್ಧನ್ ದೊಡ್ಡ ಕೆಲಸ. ಫಾರ್ಮುಲಾ ಒನ್ ಚಾಲಕ ನರೈನ್ ಕಾರ್ತಿಕೇಯನ್ ಮೇಲೆ ಬಂದಿದ್ದು ಆ ಕಾರುಗಳಿಂದಲೇ.

ಶೆಡ್ಡಿಗೆ ಮರಳೋಣ. ಹುಡುಗ ಅಲ್ಯೂಮಿನಿಯಂನ ಒಂದು ಕೊಳವೆ ತಂದು ನನ್ನ ಕೈಗಿಟ್ಟ. ಎರಡೂ ಬದಿ ಅಗಲ, ನಡುವೆ ಸೊಂಟ ಹಿಡಿದಂತೆ ಸಪೂರ.

"ಸಾರ್, ಇದರ ನಡುವಿನ ತೂತು ಸರಿಯಾಗಿ 20 ಮಿಲಿಮೀಟರ್. ಇಂಜಿನ್‌ಗೆ ಹೋಗೋ ಗಾಳಿಯೆಲ್ಲ ಇದರಲ್ಲೇ ಹೋಗ್ಬೇಕು. ಪೆಟ್ರೋಲ್ ಕ್ಲಾಸಿನ ಬೀಗ ಇದೇ."

ಪೆಟ್ರೋಲ್ ವರ್ಗದಲ್ಲಿ 710 ಸಿಸಿವರೆಗಿನ ಇಂಜಿನ್ ಹಾಕಬಹುದು. ಆದರೆ ಉಸಿರು ಇಷ್ಟೇ. ಈ ಕಾರಿನಲ್ಲಿದ್ದದ್ದು 373 ಸಿಸಿಯ ಒಂದೇ ಸಿಲಿಂಡರಿನ ಕೆಟಿಎಂ ಬೈಕ್ ಇಂಜಿನ್. ವಿದ್ಯುತ್ ವರ್ಗದಲ್ಲಿ ಉಸಿರಿನ ಮಾತೇ ಇಲ್ಲ, ಅಲ್ಲಿನ ಬೀಗ ಬೇರೆ: ಬ್ಯಾಟರಿಯಿಂದ ಯಾವ ಕ್ಷಣದಲ್ಲೂ 80 ಕಿಲೋವ್ಯಾಟ್ ಮೀರಿ ಎಳೆಯುವಂತಿಲ್ಲ. ಇವರ ಕಾರು ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. 96 ವೋಲ್ಟಿನ ಬ್ಯಾಟರಿ, 20 ಕಿಲೋವ್ಯಾಟಿನ ಮೋಟರು. ಕಲಿಯಲು ಅಷ್ಟು ಸಾಕು ಎಂಬ ಹುಡುಗನ ತೀರ್ಮಾನ ನನಗೂ ಸರಿ ಎನಿಸಿತು. ಆದರೆ 60 ವೋಲ್ಟ್ ದಾಟಿದ ಮೇಲೆ ನಿಯಮ ಪುಸ್ತಕ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಅಲ್ಲಿಂದ ಮುಂದೆ ಅದು ಹೈ ವೋಲ್ಟೇಜ್. 96 ಆದರೂ ಒಂದೇ, 600 ಆದರೂ ಒಂದೇ.

ಇಂಜಿನ್ ಇಳಿಸಿದ್ದು ಅರ್ಧ ದಿನದ ಕೆಲಸವಂತೆ. ಟ್ಯಾಂಕು, ಸೈಲೆನ್ಸರ್, ರೇಡಿಯೇಟರ್ ಎಲ್ಲ ಗೋಡೆ ಬದಿಗೆ ಕೂತಿವೆ. ಅವೆಲ್ಲ ಇದ್ದ ಜಾಗಕ್ಕೇ ಬ್ಯಾಟರಿ ಪೆಟ್ಟಿಗೆ ಬರಬೇಕು. ವರ್ಗ ಬದಲಿಸುವ ಕೆಲಸದ ತಿರುಳು ಈ ಪೆಟ್ಟಿಗೆಯಲ್ಲಿದೆ. ಮೋಟರು ತಂದು ಕೂರಿಸುವುದನ್ನು ಯಾರೂ ಕಲಿಯಬಹುದು. ಪೆಟ್ಟಿಗೆ ಕಟ್ಟುವುದಕ್ಕೆ ಬೇರೆಯದೇ ಶಿಸ್ತು ಬೇಕು. ತಳಕ್ಕೆ 1.25 ಮಿ.ಮೀ. ಉಕ್ಕಿನ ತಗಡು, ಗೋಡೆಗೆ 0.9 ಮಿ.ಮೀ. ಒಳಗೆ ಮೂರು ಕೋಣೆ, ಪ್ರತಿ ಕೋಣೆಯಲ್ಲಿ ಲಿಥಿಯಂ ಐರನ್ ಫಾಸ್ಫೇಟಿನ ಹತ್ತು ಸೆಲ್ಲು. ಮೂವತ್ತನ್ನೂ ಒಟ್ಟಿಗೆ ಇಡಬಹುದಿತ್ತಲ್ಲ ಎಂದು ಕೇಳಿದೆ. ಹುಡುಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದ. ಒಂದು ಸೆಲ್ಲು 3.2 ವೋಲ್ಟ್, 50 ಆಂಪಿಯರ್ ಅವರ್. ಹತ್ತು ಸೇರಿದರೆ 1.6 ಕಿಲೋವ್ಯಾಟ್ ಅವರ್, ಅಂದರೆ 5.76 ಮೆಗಾಜೂಲ್. ಒಂದು ಕೋಣೆಯಲ್ಲಿ 6 ಮೆಗಾಜೂಲಿಗಿಂತ ಹೆಚ್ಚು ಶಕ್ತಿ ಇಡಬಾರದು ಎಂಬುದು ನಿಯಮ. ಒಂದು ಕೋಣೆಗೆ ಬೆಂಕಿ ಬಿದ್ದರೆ ಪಕ್ಕದ್ದಕ್ಕೆ ಹಬ್ಬದಿರಲಿ ಎಂದು ನಡುವೆ ಬೆಂಕಿ ತಡೆಯುವ ಗೋಡೆ. ಹನ್ನೊಂದನೇ ಸೆಲ್ಲಿಗೆ ಅಲ್ಲಿ ಜಾಗವಿದೆ, ಅನುಮತಿ ಇಲ್ಲ.

ಪೆಟ್ಟಿಗೆಯನ್ನು ಪಂಜರಕ್ಕೆ ಹಿಡಿಸುವ ಕಡೆ ಅಪ್ಪ ಮಗನ ನಡುವೆ ಒಂದಷ್ಟು ಮಾತಾಯಿತು. ಸೆಲ್ಲು, ತಗಡು, ಕರೆಂಟು ಕೂಡಿಸಿ ಬಿಡಿಸುವ ಕಾಂಟ್ಯಾಕ್ಟರ್ ಎಲ್ಲ ಸೇರಿ ಪೆಟ್ಟಿಗೆಯ ತೂಕ 55 ಕೆಜಿ ಆಸುಪಾಸು. ಕಾರು ಎದುರಿನಿಂದಲೋ ಪಕ್ಕದಿಂದಲೋ ಬಡಿದಾಗ ಪೆಟ್ಟಿಗೆ ಕಿತ್ತುಬರಬಾರದು. ಅದಕ್ಕಾಗಿ ಅದರ ಹಿಡಿತ 40 ಪಟ್ಟು ತೂಕ ತಾಳಬೇಕು, ಮೇಲೆ ಕೆಳಗೆ 20 ಪಟ್ಟು.

"55ಕ್ಕೆ 40 ಅಂದ್ರೆ ಹತ್ತತ್ರ ಎರಡೂ ಕಾಲು ಟನ್ ಆಯ್ತಲ್ಲೋ. ಈ ಪಟ್ಟಿ ತಡಿಯಲ್ಲ," ಎಂದರು ಯಜಮಾನರು, ಮಗ ಕತ್ತರಿಸಿಟ್ಟಿದ್ದ ತೆಳು ಪಟ್ಟಿಯನ್ನು ಬೆರಳಲ್ಲಿ ಬಾಗಿಸುತ್ತ.

"ಪಟ್ಟಿ ತಡಿಯುತ್ತಪ್ಪ, ಕಂಪ್ಯೂಟರಲ್ಲಿ ನೋಡಿದೀನಿ."

"ಪಟ್ಟಿ ತಡೀತದೆ. ಅದು ಕೂತಿರೋ ಪೈಪು ತಡೀಬೇಕಲ್ಲ. ನೀನು ಪೈಪಿನ ನಡೂ ಹೊಟ್ಟೆಗೆ ಬೆಸೆದಿದೀಯ. ಮೂಲೆ ಕೂಡೋ ಕಡೆ ತಗೊಂಡು ಹೋಗು."

ಅಪ್ಪ ಹೇಳಿದ್ದರಲ್ಲಿ ಇಡೀ ಚೌಕಟ್ಟು ವಿನ್ಯಾಸದ ಮೊದಲ ಪಾಠವಿದೆ. ಪೈಪು ಎಳೆತ, ಒತ್ತಡ ಎರಡನ್ನೂ ತಾಳುತ್ತದೆ. ನಡುವೆ ಬಾಗಿಸಿದರೆ ಸೋಲುತ್ತದೆ. ಭಾರವನ್ನು ಪೈಪುಗಳು ಕೂಡುವ ಗಂಟಿಗೆ ಒಯ್ದರೆ ಅದು ಮೂರು ನಾಲ್ಕು ದಿಕ್ಕಿಗೆ ಹಂಚಿಹೋಗುತ್ತದೆ. ಟಿಪ್ಪರಿನ ಹೈಡ್ರಾಲಿಕ್ ಜಾಕನ್ನು ಚಾಸಿಯ ಯಾವ ಅಡ್ಡಪಟ್ಟಿಗೆ ಹಿಡಿಸಬೇಕೆಂದು ಎಷ್ಟೋ ವರ್ಷ ನೋಡಿದ ಕಣ್ಣಿಗೆ ಅದು ಪುಸ್ತಕವಿಲ್ಲದೆ ಕಾಣುತ್ತದೆ. ಮಗ ಆ ಸಂಜೆಯೇ ಬೆಸುಗೆ ಕಡಿದು ತೆಗೆದ. ಬೋಲ್ಟು 8.8 ದರ್ಜೆಗಿಂತ ಕಡಿಮೆಯದು ಬೇಡ, ನಟ್ಟು ಸಡಿಲವಾಗದ ಜಾತಿಯದು, ಬಿಗಿದ ಮೇಲೆ ಕನಿಷ್ಠ ಎರಡು ಸುತ್ತು ಥ್ರೆಡ್ಡು ಹೊರಗೆ ಕಾಣಬೇಕು: ಇವೆಲ್ಲ ನಿಯಮ ಪುಸ್ತಕದಲ್ಲಿವೆ. ಯಜಮಾನರು ಓದಿಸಿಕೊಂಡು ಕೇಳಿ, ಸರಿಯಾಗಿ ಬರೆದಿದ್ದಾರೆ ಎಂದರು.

ಹಳೇ ಫಾರ್ಮುಲಾ ಕಾರನ್ನು ಬೇರೆ ವರ್ಗಕ್ಕೆ ತಿರುಗಿಸುವಾಗ ಯಾವ ಲೆಕ್ಕವನ್ನೂ ಹಗುರವಾಗಿ ತೆಗೆದುಕೊಳ್ಳಬಾರದು ಎಂಬುದಕ್ಕೆ ರೇಸಿನ ಚರಿತ್ರೆಯಲ್ಲಿ ಕಹಿ ಉದಾಹರಣೆ ಇದೆ. ಅಮೆರಿಕದಲ್ಲಿ 1976ರವರೆಗೆ ಫಾರ್ಮುಲಾ 5000 ಎಂಬ ವರ್ಗ ಓಡುತ್ತಿತ್ತು. ತೆರೆದ ಗಾಲಿ, ಐದು ಲೀಟರಿನ ವಿ8 ಇಂಜಿನ್. ಜನ ಬರುವುದು ಕಡಿಮೆಯಾಯಿತೆಂದು 1977ರಲ್ಲಿ ಅದೇ ಕಾರುಗಳಿಗೆ ಗಾಲಿ ಮುಚ್ಚುವ ಅಗಲ ಬಾಡಿ ತೊಡಿಸಿ, ನಿಂತುಹೋಗಿದ್ದ ಕ್ಯಾನ್-ಆಮ್ ಸರಣಿಯನ್ನು ಮತ್ತೆ ಶುರು ಮಾಡಿದರು. ಲೋಲಾ ಟಿ332 ಹೀಗೆಯೇ ಟಿ333 ಸಿಎಸ್ ಆಯಿತು. ಒಳಗಿನ ಕಾರು ಹೆಚ್ಚುಕಡಿಮೆ ಹಳೆಯದೇ, ಗಾಳಿಗೆ ಮಾತ್ರ ಅದು ಪೂರ್ತಿ ಹೊಸದು. ಮೊದಲ ಸುತ್ತಿಗೇ ಕೆನಡಾದ ಮೊಂಟ್ರೆಂಬ್ಲಾ ಟ್ರ್ಯಾಕಿನಲ್ಲಿ ಅಭ್ಯಾಸದ ವೇಳೆ ಏರೊಂದನ್ನು ದಾಟುವಾಗ ಬ್ರಯಾನ್ ರೆಡ್‌ಮನ್ ಅವರ ಕಾರು ಮೇಲೆದ್ದು ಮಗುಚಿತು. ಕುತ್ತಿಗೆ ಮುರಿದರೂ ಅವರು ಬದುಕುಳಿದರು. ಅವರ ಜಾಗಕ್ಕೆ ಬಂದ ಪ್ಯಾಟ್ರಿಕ್ ಟಾಂಬೆ ಆ ಸಾಲಿನ ಪ್ರಶಸ್ತಿ ಗೆದ್ದರು. ವರ್ಗ ಬದಲಾದಾಗ ಕಾರಿನ ಒಂದು ಗುಣ ಬದಲಿಸಿದೆವು ಎಂದುಕೊಂಡಿರುತ್ತೇವೆ. ಅದರ ಜತೆಗೆ ಇನ್ನೂ ನಾಲ್ಕು ಬದಲಾಗಿರುತ್ತವೆ. ದುರ್ಗದ ಹುಡುಗನಿಗೂ ಅವನ ತಂಡದ ಗೆಳೆಯರಿಗೂ ನಾನು ಈ ಕತೆ ಹೇಳಿದೆ. ಅವರಿಗದು ಮೊದಲೇ ಗೊತ್ತಿತ್ತು.

ಮೋಟರಿಗೆ ಹೊಂದುವ ಸ್ಪ್ರಾಕೆಟ್ ಹೊಳಲ್ಕೆರೆಯಲ್ಲಿ ತಯಾರಾಗುತ್ತಿತ್ತು. ಮೂವತ್ತು ಚಿಲ್ಲರೆ ಕಿಲೋಮೀಟರು. ಅಡಿಕೆ ತೋಟಗಳ ಹಸಿರು, ಅದರ ಹಿಂದೆ ಕುರುಚಲು ಗುಡ್ಡ. ಊರಿನ ಬಯಲು ಗಣಪತಿಯ ಎತ್ತರದ ಮೂರ್ತಿಗೆ ಕೈಮುಗಿದೇ ಹುಡುಗರು ಲೇತ್ ಅಂಗಡಿಗೆ ಹೋದರು. ಅಲ್ಲಿನ ಟರ್ನರು ಬೋರ್‌ವೆಲ್ ಪಂಪಿನ ಶಾಫ್ಟು, ಅಡಿಕೆ ಸುಲಿಯುವ ಯಂತ್ರದ ಬುಶ್ಶು ಮಾಡಿಕೊಂಡಿರುವ ಹಿರಿಯರು. ಬೈಕಿನ ಇಂಜಿನ್ನಿಗೆ ಆರು ಗೇರು ಇರುತ್ತದೆ, ಈ ಮೋಟರಿಗೆ ಒಂದೂ ಇಲ್ಲ. ಒಂದೇ ಅನುಪಾತದಲ್ಲಿ ನಿಂತ ಕಾರನ್ನು ಎಬ್ಬಿಸಲೂಬೇಕು, ಗಂಟೆಗೆ 90 ಕಿಲೋಮೀಟರ್ ಓಡಿಸಲೂಬೇಕು. ಮೋಟರು ನಿಮಿಷಕ್ಕೆ 5000 ಸುತ್ತು ತಿರುಗುತ್ತದೆ. ಆ ಗಾಲಿ 90ರ ವೇಗಕ್ಕೆ ನಿಮಿಷಕ್ಕೆ ಸಾವಿರದ ಮೇಲೆ ಸ್ವಲ್ಪ ಸುತ್ತಬೇಕು. ಹಾಗಾಗಿ ಮುಂದೆ 11 ಹಲ್ಲು, ಹಿಂದೆ 52 ಹಲ್ಲು.

ಟರ್ನರು ಒಪ್ಪಲಿಲ್ಲ. "ಹನ್ನೊಂದು ಹಲ್ಲಂದ್ರೆ ಚೈನು ತುಂಬ ಬಾಗ್ತದೆ, ಬೇಗ ಸವೀತದೆ. ಹದಿಮೂರು ಹಾಕ್ರಪ್ಪ."

"ಹದಿಮೂರು ಹಾಕಿದ್ರೆ ಹಿಂದೆ 62 ಬೇಕಾಗುತ್ತೆ ಮೇಸ್ತ್ರಿ. ಸ್ಪ್ರಾಕೆಟ್ಟೇ ಒಂದಡಿ ದಾಟುತ್ತೆ. ನೆಲಕ್ಕೆ ಇನ್ನೂ ಹತ್ರ ಆಗುತ್ತೆ."

ಹಿರಿಯರು ಕಾಗದ ತಗೊಂಡು ವೃತ್ತ ಬರೆದರು. 52 ಹಲ್ಲಿನ ಸ್ಪ್ರಾಕೆಟ್ಟಿನ ವ್ಯಾಸ 263 ಮಿ.ಮೀ. ಬರುತ್ತದೆ, 62ರದ್ದು 313. ಗಾಲಿಯ ನಡುವಿಂದ ನೆಲಕ್ಕೆ ಇರುವುದೇ 230 ಮಿ.ಮೀ., ಅದರಲ್ಲಿ ಸ್ಪ್ರಾಕೆಟ್ಟಿನ ಅರ್ಧ ವ್ಯಾಸ ಕಳೆದು ಉಳಿದದ್ದಷ್ಟೇ ಬಿಡುವು. ಸರಿ, ಹನ್ನೊಂದೇ ಇರಲಿ, ಆದರೆ ಚಿಕ್ಕ ಸ್ಪ್ರಾಕೆಟ್ಟನ್ನು ಒಂದಲ್ಲ ಮೂರು ಮಾಡಿಕೊಡುತ್ತೇನೆ, ಸವೆದಂತೆ ಬದಲಿಸಿಕೊಳ್ಳಿ ಎಂದು ತೀರ್ಮಾನವಾಯಿತು. ಇನ್ನೊಂದು ಮಾತನ್ನೂ ಅವರೇ ಎತ್ತಿದರು: ಪೆಟ್ರೋಲ್ ಇಂಜಿನ್ನಾದರೆ ಕ್ಲಚ್ಚು ಜಾರಿ ಚೈನಿಗೆ ಸ್ವಲ್ಪ ಬಿಡುವು ಸಿಗುತ್ತದೆ, ಮೋಟರು ಪೆಡಲು ಒತ್ತಿದ ಕ್ಷಣವೇ ಪೂರ್ತಿ ಬಲದಲ್ಲಿ ಎಳೆಯುತ್ತದಲ್ಲ? ಅದಕ್ಕೆ ಕಂಟ್ರೋಲರಿನಲ್ಲಿ ಬಲ ಏರುವ ವೇಗವನ್ನೇ ತಗ್ಗಿಸಿದ್ದೇವೆ ಎಂದರು ಹುಡುಗರು. ಹಿರಿಯರು ವಿದ್ಯುತ್ ರೇಸ್ ಕಾರು ನೋಡಿದವರಲ್ಲ. ಚೈನು ಮಾತ್ರ ಚೆನ್ನಾಗಿ ಗೊತ್ತು, ಅದರಿಂದಲೇ ಸರಿಯಾದ ಪ್ರಶ್ನೆಗೆ ಬಂದು ಮುಟ್ಟಿದರು.

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವಾಗ ದೂರದ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ಕಾಣಸಿಗುತ್ತವೆ. ಚಿತ್ರದುರ್ಗ ಜಿಲ್ಲೆಯ ಗಾಳಿ ಹೆಸರುವಾಸಿ; ಜೋಗಿಮಟ್ಟಿಯಿಂದ ಹೊಸದುರ್ಗದ ಸಾಲಿನವರೆಗೂ ರೆಕ್ಕೆಗಳು ತಿರುಗುತ್ತಲೇ ಇರುತ್ತವೆ. ಅಂಥ ಯಂತ್ರಗಳನ್ನು ನೋಡಿಕೊಳ್ಳುವ ತಂತ್ರಜ್ಞನೊಬ್ಬ ಹೊಸದುರ್ಗದವನು, ಈ ಹುಡುಗರಿಗಿಂತ ಹತ್ತು ವರ್ಷ ದೊಡ್ಡವನು. ಎಲ್ಲರೂ ಅವನನ್ನು ಅಣ್ಣ ಎನ್ನುತ್ತಾರೆ. ಕಾರಿನ ಹೈ ವೋಲ್ಟೇಜ್ ಕೆಲಸಕ್ಕೆಲ್ಲ ಅವನೇ ಗುರು. ಗೋಪುರದೊಳಗೆ ಕೆಲಸ ಮಾಡುವವರ ಮೊದಲ ಪಾಠ: ಸ್ವಿಚ್ಚು ಆರಿಸಿ ಬೀಗ ಹಾಕು, ಚೀಟಿ ಕಟ್ಟು, ಕೀಲಿ ನಿನ್ನ ಜೇಬಿನಲ್ಲೇ ಇರಲಿ, ಆಮೇಲೆ ಮೀಟರು ಹಿಡಿದು ಕರೆಂಟು ಇಲ್ಲವೆಂದು ಖಾತ್ರಿ ಮಾಡಿಕೋ. ಸ್ಪರ್ಧೆಯ ನಿಯಮಗಳೂ ಪ್ರತಿ ತಂಡದಲ್ಲಿ ವಿದ್ಯುತ್ ಸುರಕ್ಷತೆಗೆಂದೇ ಒಬ್ಬ ಹೊಣೆಗಾರ ಇರಬೇಕು ಎನ್ನುತ್ತವೆ. ಅಣ್ಣ ತನ್ನ ಮನೆಯ ಜಗುಲಿಯ ಮೇಲೆ ಹುಡುಗರನ್ನು ಕೂರಿಸಿಕೊಂಡು, ತಾನು ಇಲ್ಲದಾಗ ಆ ಹೊಣೆ ಯಾರದೆಂದು ಹೆಸರು ಹಿಡಿದು ಬರೆಸಿದ.

ಅವನು ತೋರಿಸಿಕೊಟ್ಟ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಮೋಟರಿನ ಕಂಟ್ರೋಲರಿನೊಳಗೆ ದೊಡ್ಡ ಕೆಪಾಸಿಟರುಗಳಿವೆ. ಅವು ಖಾಲಿ ಇದ್ದಾಗ ಬ್ಯಾಟರಿಯನ್ನು ನೇರ ಜೋಡಿಸಿದರೆ ಒಂದೇ ಕ್ಷಣದಲ್ಲಿ ಸಾವಿರಾರು ಆಂಪಿಯರ್ ನುಗ್ಗಿ ಕಾಂಟ್ಯಾಕ್ಟರಿನ ತುದಿಗಳು ಬೆಸೆದುಕೊಂಡುಬಿಡುತ್ತವೆ. ಬೆಸೆದ ಮೇಲೆ ಸ್ವಿಚ್ಚು ಒತ್ತಿದರೂ ಕರೆಂಟು ನಿಲ್ಲುವುದಿಲ್ಲ. ಅದಕ್ಕೇ ಮೊದಲು ಒಂದು ರೆಸಿಸ್ಟರಿನ ಮೂಲಕ ನಿಧಾನವಾಗಿ ತುಂಬಿಸಬೇಕು. ವೋಲ್ಟೇಜು ಬ್ಯಾಟರಿಯ ಮಟ್ಟದ ಹತ್ತಿರಕ್ಕೆ ಮುಟ್ಟಿದ ಮೇಲೆ ಮಾತ್ರ ಮುಖ್ಯ ಕಾಂಟ್ಯಾಕ್ಟರು ಮುಚ್ಚಬೇಕು. ಅದೇ ರೀತಿ ಆರಿಸಿದಾಗ ಐದು ಸೆಕೆಂಡಿನೊಳಗೆ ಅದು 60 ವೋಲ್ಟಿಗಿಂತ ಕೆಳಗಿಳಿಯಬೇಕು. ಅಣ್ಣ ಮಲ್ಟಿಮೀಟರು ಹಿಡಿಸಿ, ಹುಡುಗರಿಂದ ಐದು ಸೆಕೆಂಡನ್ನು ಬಾಯಲ್ಲಿ ಎಣಿಕೆ ಮಾಡಿಸಿದ. ನಾಲ್ಕಕ್ಕೆ ಮುಳ್ಳು ಕೆಳಗೆ ಬಂತು. "ಇನ್ನೊಂದ್ ಸಲ," ಎಂದ. ಮತ್ತೊಮ್ಮೆ. ಮತ್ತೊಮ್ಮೆ. ಬ್ಯಾಟರಿಗೂ ಕಾರಿನ ಉಕ್ಕಿಗೂ ನಡುವೆ ಪ್ರತಿ ವೋಲ್ಟಿಗೆ ಕನಿಷ್ಠ 500 ಓಮ್ ತಡೆ ಇರಬೇಕೆಂಬ ನಿಯಮವನ್ನು ಅವನು ಇನ್ನೂ ಬಿಗಿ ಮಾಡಿ ಅದರ ಹತ್ತು ಪಟ್ಟು ಬರುವ ತನಕ ಕೇಬಲಿನ ತುದಿಗಳನ್ನು ಮತ್ತೆ ಮತ್ತೆ ಕಟ್ಟಿಸಿದ. 35 ಚದರ ಮಿ.ಮೀ.ನ ಆ ತಾಮ್ರದ ಕೇಬಲುಗಳೆಲ್ಲ ಕಿತ್ತಳೆ ಬಣ್ಣದವು. ಅಪಘಾತವಾದಾಗ ಬಿಡಿಸಲು ಓಡಿಬರುವವನಿಗೆ ಯಾವುದನ್ನು ಮುಟ್ಟಬಾರದೆಂದು ದೂರದಿಂದಲೇ ಕಾಣಬೇಕು.

ಎಲ್ಲ ಜೋಡಿಸಿದ ಮೇಲೆ ತೂಕ. ನಾಲ್ಕು ಗಾಲಿಯ ಭಾರವನ್ನು ಬೇರೆ ಬೇರೆ ತೂಗುವ ಯಂತ್ರ ಶೆಡ್ಡಿನಲ್ಲಿಲ್ಲ. ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರು ಒಂದೇ ಮಾದರಿಯ ನಾಲ್ಕು ಎಲೆಕ್ಟ್ರಾನಿಕ್ ತಕ್ಕಡಿ ಒಂದು ಭಾನುವಾರದ ಮಟ್ಟಿಗೆ ಕೊಟ್ಟರು. ಪೆಟ್ರೋಲ್ ಕಾಲದಲ್ಲಿ ಕಾರು 215 ಕೆಜಿ ಇತ್ತು, ಈಗ 238. ಏರಿದ ತೂಕಕ್ಕಿಂತ ಅದು ಕೂತ ಜಾಗ ಮುಖ್ಯ. ಮುಂದೆ 104, ಹಿಂದೆ 134. ಎಡಗಡೆ 127, ಬಲಗಡೆ 111. ಎಡಕ್ಕೆ 16 ಕೆಜಿ ವಾಲಿದ ಕಾರು ಬಲ ತಿರುವಿನಲ್ಲಿ ಒಂದು ಥರ, ಎಡ ತಿರುವಿನಲ್ಲಿ ಇನ್ನೊಂದು ಥರ ವರ್ತಿಸುತ್ತದೆ. ಕಂಟ್ರೋಲರನ್ನೂ ಚಾರ್ಜ್ ಪ್ಲಗ್ಗಿನ ಭಾರದ ಭಾಗಗಳನ್ನೂ ಬಲಕ್ಕೆ ಸಾಗಿಸಿದರು, ಪೆಟ್ಟಿಗೆಯನ್ನು ಬಲಕ್ಕೆ ಎರಡು ಬೆರಳು ಸರಿಸಿದರು. ಹಿಂದಿನ ಸ್ಪ್ರಿಂಗುಗಳನ್ನು ಗಟ್ಟಿಯದಕ್ಕೆ ಬದಲಿಸಿದರು. ಚಾಲಕನ ಬೆನ್ನಿಗೂ ಬ್ಯಾಟರಿಗೂ ನಡುವಿನ ಗೋಡೆ ಹಳೇ ಕಾರಿನಲ್ಲಿ ಒಂದು ಪದರ ಇತ್ತು. ವಿದ್ಯುತ್ ವರ್ಗದಲ್ಲಿ ಎರಡು ಬೇಕು: ಬ್ಯಾಟರಿಯ ಕಡೆಗೆ ಅಲ್ಯೂಮಿನಿಯಂ, ಚಾಲಕನ ಕಡೆಗೆ ಕರೆಂಟು ಹರಿಯದ ಹಾಳೆ.

ಓಡಿಸಲು ಜಾಗ ಬೇಕಲ್ಲ. ಫಾರ್ಮುಲಾ ಕಾರಿಗೆ ನೋಂದಣಿ ಇಲ್ಲ, ರಸ್ತೆಗೆ ಇಳಿಸುವಂತಿಲ್ಲ. ಹಿರಿಯೂರಿನ ಹತ್ತಿರ ಪರಿಚಯದವರ ಗೋದಾಮಿನ ಮುಂದೆ ಉದ್ದದ ಕಾಂಕ್ರೀಟ್ ಅಂಗಳ ಸಿಕ್ಕಿತು. ಹೊಸದುರ್ಗದ ಕಡೆಯಿಂದ ಹಿರಿಯೂರಿಗೆ ಬರುವಾಗ ವಾಣಿವಿಲಾಸ ಸಾಗರ ಹತ್ತಿರದಲ್ಲೇ ಸಿಗುತ್ತದೆ. ವೇದಾವತಿಗೆ ಕಟ್ಟಿದ ಆ ಮಾರಿಕಣಿವೆ ಅಣೆಕಟ್ಟು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕೋಡಿ ನೋಡಲು ಜಿಲ್ಲೆಗೆ ಜಿಲ್ಲೆಯೇ ಹೋಗಿತ್ತು. ಹುಡುಗರು ಗಾಡಿ ನಿಲ್ಲಿಸದೆ ಮುಂದೆ ಹೋದರು. ಅವರ ಮನಸ್ಸು ಅಂಗಳದಲ್ಲಿತ್ತು.

ಅಂಗಳದಲ್ಲಿ ಮೊದಲ ಪರೀಕ್ಷೆ ವೇಗದ್ದಲ್ಲ. ಚಾಲಕ ಹೆಲ್ಮೆಟ್ಟು ಕೈಗವಸು ಸಮೇತ ಪೂರ್ತಿ ಉಡುಪಿನಲ್ಲಿ, ಬೆಲ್ಟುಗಳೆಲ್ಲ ಬಿಗಿದು ಕೂತು, ಐದು ಸೆಕೆಂಡಿನೊಳಗೆ ಹೊರಗೆ ಬಂದು ನಿಲ್ಲಬೇಕು. ಚಾಲಕಿ ಹಿರಿಯೂರಿನವಳೇ, ಅದೇ ತಂಡದ ಹುಡುಗಿ. ಮೊದಲ ಸಲ ಸ್ಟೀರಿಂಗ್ ಚಕ್ರ ಬಿಚ್ಚಲು ತಡವಾಯಿತು. ಬಿಚ್ಚುವ ಉಂಗುರವನ್ನು ಉಜ್ಜಿ ಎಣ್ಣೆ ಹಾಕಿದ ಮೇಲೆ ಸಲೀಸಾಗಿ ಹಾರಿ ಬಂದಳು. ಆಮೇಲೆ ದೀಪ: ಹೈ ವೋಲ್ಟೇಜ್ ಇಲ್ಲದಾಗ ಹಸಿರು, ಬಂದಾಗ ಮಿಟುಕುವ ಕೆಂಪು. ಆಮೇಲೆ ಸದ್ದು. ವಿದ್ಯುತ್ ಕಾರು ಹೊರಡಲು ತಯಾರಾದುದು ಯಾರಿಗೂ ಗೊತ್ತಾಗುವುದಿಲ್ಲವಲ್ಲ, ಅದಕ್ಕೇ ತಯಾರೆಂದು ಕೂಗುವ ಬಜರ್ ಕಡ್ಡಾಯ. ಗೋದಾಮಿನ ಹಮಾಲರು ಆ ಸದ್ದಿಗೆ ಕೆಲಸ ಬಿಟ್ಟು ಬಂದು ಹಗ್ಗದ ಆಚೆ ನಿಂತರು.

ಬ್ರೇಕಿನ ಪರೀಕ್ಷೆ ನನಗೆ ಬಹಳ ಹಿಡಿಸಿತು. ಕಾರು ವೇಗ ಹಿಡಿದ ಮೇಲೆ ಮೊದಲು ಹೈ ವೋಲ್ಟೇಜ್ ಆರಿಸಬೇಕು, ಆನಂತರ ಬರೀ ಬ್ರೇಕಿನಲ್ಲಿ ನಾಲ್ಕೂ ಗಾಲಿ ಒಟ್ಟಿಗೆ ಕಚ್ಚಿಕೊಂಡು ನಿಲ್ಲಬೇಕು. ಮೋಟರಿನ ನೆರವು ಇಲ್ಲದೆಯೂ ಕಾರು ನಿಲ್ಲುತ್ತದೆ ಎಂದು ಖಾತ್ರಿಯಾಗಬೇಕು. ಮೊದಲ ಓಟದಲ್ಲಿ ಹಿಂದಿನ ಎಡ ಗಾಲಿ ಕಚ್ಚಲಿಲ್ಲ. ಕಾಂಕ್ರೀಟಿನ ಮೇಲೆ ಮೂರೇ ಕಪ್ಪು ಗೆರೆ. ಹಿಂದಿನ ಭಾರ ಏರಿದ ಮೇಲೆ ಹಳೇ ಬ್ರೇಕ್ ಹಂಚಿಕೆ ಸಾಲದಾಗಿತ್ತು. ಪೆಡಲಿನ ಬುಡದ ತಿರುಪನ್ನು ಹಿಂದಕ್ಕೆ ಹೆಚ್ಚು ಬಲ ಹೋಗುವಂತೆ ತಿರುಗಿಸಿದರು, ಎಡ ಕ್ಯಾಲಿಪರಿನಲ್ಲಿ ಸೇರಿದ್ದ ಗಾಳಿ ಹೊರಗೆ ಬಿಟ್ಟರು. ಆಮೇಲಿನ ಓಟದಲ್ಲಿ ನಾಲ್ಕು ಗೆರೆ ಬಿದ್ದವು. ಯಜಮಾನರು ಬಾಗಿ ಒಂದೊಂದೇ ಗೆರೆಯ ಉದ್ದವನ್ನು ಟೇಪಿನಲ್ಲಿ ಅಳೆದರು.

2023ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿದ್ಯಾರ್ಥಿಗಳ ವಿದ್ಯುತ್ ಕಾರೊಂದು 0.956 ಸೆಕೆಂಡಿನಲ್ಲಿ ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಿತ್ತು. ಆ ಕಾರಿನ ಹಿಂದಿದ್ದ ಹಣವೂ ಪ್ರಯೋಗಾಲಯವೂ ಇಲ್ಲಿಲ್ಲ. ಹೊಳಲ್ಕೆರೆಯಲ್ಲಿ ಹಲ್ಲು ಕಡಿಯುವವರು, ಹೊಸದುರ್ಗದಲ್ಲಿ ಕರೆಂಟು ಬಲ್ಲವರು, ದುರ್ಗದಲ್ಲಿ ಉಕ್ಕಿನ ಭಾರ ಬಲ್ಲವರು ಮಾತ್ರ ಇದ್ದಾರೆ. ಇವರನ್ನು ಒಂದು ಕಡೆ ಸೇರಿಸುವ ಕೆಲಸಕ್ಕೆ ಈ ಕಾರು ನೆಪವಾಗಿದೆ. ಜಿಲ್ಲೆಯ ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಕಾಲೇಜುಗಳು ಸೇರಿ ಮುನ್ನೂರು ಮೀಟರ್ ಉದ್ದದ, ಬೇಲಿ ಹಾಕಿದ, ನಾಲ್ಕು ತಿರುವಿನ ಒಂದು ಡಾಂಬರು ಅಂಗಳ ಮಾಡಿಕೊಂಡರೆ ಸಾಕು. ಇಂಥ ಕಾರುಗಳು ಮಾತ್ರವಲ್ಲ, ಇಲೆಕ್ಟ್ರಿಕ್ ಆಟೊ, ಟ್ರ್ಯಾಕ್ಟರ್ ಟ್ರೇಲರಿನ ಬ್ರೇಕು ಎಲ್ಲವನ್ನೂ ಅಲ್ಲಿ ಪರೀಕ್ಷಿಸಬಹುದು. ಬಯಲಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ಇದು ಆಗಬೇಕು ಎಂದು ನಾನು ಮನಸಾರೆ ಹಾರೈಸುತ್ತೇನೆ.

ಈ ಕಾರು ಸ್ಪರ್ಧೆಗೆ ಹೋಗುವುದಿಲ್ಲ. ಸ್ಪರ್ಧೆಯಲ್ಲಿ ಹೊಸ ಕಾರು ಎನಿಸಿಕೊಳ್ಳಲು ಹೊಸದಾಗಿ ಕಟ್ಟಿದ ಚೌಕಟ್ಟೇ ಬೇಕೆಂಬ ನಿಯಮವಿದೆ. ಹಾಗಾಗಿ ಇದು ಶೆಡ್ಡಿನಲ್ಲೇ ಉಳಿದು, ಹೊಸಬರು ಕೈ ಕಲಿಯುವ ಕಾರಾಗುತ್ತದೆ; ಹೊಸದಕ್ಕೆ ಬೇಕಾದ ಪೆಟ್ಟಿಗೆ, ಕಂಟ್ರೋಲರು, ಕೇಬಲು ಇದರಿಂದಲೇ ದಾಟುತ್ತವೆ. ಹಿರಿಯೂರಿನಿಂದ ಹೊರಡುವ ಮುಂಚೆ ಅಪ್ಪ ಮಗ ಸಾಮಾನಿನ ಪಟ್ಟಿ ಹಾಕುತ್ತಿದ್ದರು. ಚಾಲಕನ ಹಿಂದಿನ ಕಮಾನಿಗೆ 25 ಮಿ.ಮೀ. ವ್ಯಾಸದ, 2.5 ಮಿ.ಮೀ. ದಪ್ಪದ ಪೈಪು, ಬೆಸುಗೆ ಇಲ್ಲದ್ದು. ಅದನ್ನು ಬಾಗಿಸುವುದು ಎಲ್ಲಿ ಎಂಬುದಷ್ಟೇ ಇನ್ನೂ ತೀರ್ಮಾನವಾಗಿಲ್ಲ. ಬೆಂಗಳೂರಿಗೆ ಕಳಿಸೋಣ ಎಂದು ಮಗ, ಟಿಪ್ಪರಿನ ಕ್ಯಾಬಿನ್ನಿಗೆ ಪೈಪು ಬಾಗಿಸುವವರು ನಮ್ಮ ರಸ್ತೆಯಲ್ಲೇ ಇದ್ದಾರೆ, ಒಂದು ತುಂಡು ಬಾಗಿಸಿ ಕತ್ತರಿಸಿ ಗೋಡೆ ಎಷ್ಟು ತೆಳುವಾಯಿತೆಂದು ಅಳೆದು ನೋಡೋಣ ಎಂದು ಅಪ್ಪ.